ಬಿಪಿ ಮಾತ್ರೆಗಳ ಜೊತೆ ಇನ್ನೊಂದು ಮಾತ್ರೆ: ರಾಯಚೂರು ಗುಂಪಿನ ಪ್ರಶ್ನೋತ್ತರ (ಕೇಳುವವರ ಊರೇ ಇಲ್ಲಿ ಅವರ ಹೆಸರು)

ಸಿಂಧನೂರು: ಮೇಡಂ ನಮಸ್ಕಾರ್ರಿ. ಅವ್ವಗ ಟೆಲ್ಮಿಸಾರ್ಟನ್ ಎಎಂ ನಡದದ. ಬ್ಯಾರೆ ಡಾಕ್ಟ್ರು ಅಮ್ಲೋಡಿಪಿನ್ 5 ಬರ್ದಾರ. ಎರಡೂ ಕೊಡಬಹುದೇನ್ರಿ?

ಡಾಕ್ಟರ್: ಎಎಂ ಅಂದರೇ ಅಮ್ಲೋಡಿಪಿನ್, ಸಾಮಾನ್ಯವಾಗಿ 5 ಎಂಜಿ. ಎರಡೂ ಸೇರಿದರೆ 10. ಪಾದ ಊದಬಹುದು, ತಲೆ ತಿರುಗಬಹುದು. ಎರಡೂ ಚೀಟಿ ಒಬ್ಬರಿಗೇ ತೋರಿಸಿ. ಹೆಸರಿನ ಕೊನೆಗೆ ಎಚ್ ಅಥವಾ ಸಿಟಿ ಇದ್ದರೆ ಮೂತ್ರ ಹೆಚ್ಚಿಸುವ ಮಾತ್ರೆಯೂ ಅದರಲ್ಲೇ ಇದೆ.

ಲಿಂಗಸುಗೂರು: ಬಿಪಿ ಮಾತ್ರಿ ಮುಂಜಾನೆ ತಗೋಬೇಕೋ ರಾತ್ರಿನೋ?

ಮಾನ್ವಿ: ಅಪ್ಪಗ 68 ವರ್ಷ. ಟೆಲ್ಮಿಸಾರ್ಟನ್ ಎಚ್ ತಗೋತಾರ. ಮೊಣಕಾಲು ನೋವಿಗೆ ಅಂಗಡ್ಯಾಗ ಡೈಕ್ಲೋಫೆನಾಕ್ 50 ಕೊಟ್ಟಾರ, ದಿನಕ್ಕ ಎರಡು, ಹತ್ತು ದಿನ ಆತು. ನಿನ್ನೆಯಿಂದ ಭೇದಿ. ಇವತ್ತು ಬಿಪಿ 90/60, ಮುಂಜಾನೆಯಿಂದ ಒಂದಕ್ಕ ಹೋಗಿಲ್ಲ.

ಡಾಕ್ಟರ್: ಮಾನ್ವಿಯವರೇ, ಉಳಿದದ್ದೆಲ್ಲ ಬಿಟ್ಟು ಇದನ್ನು ಓದಿ. ಕಿಡ್ನಿಯ ಪ್ರತಿ ಜರಡಿಗೂ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಡೈಕ್ಲೋಫೆನಾಕ್ ಒಳಬರುವುದನ್ನು ಬಿಗಿಮಾಡುತ್ತೆ, ಟೆಲ್ಮಿಸಾರ್ಟನ್ ಹೊರಹೋಗುವುದನ್ನು ಸಡಿಲ ಮಾಡುತ್ತೆ, ಎಚ್ ನೀರು ಬಸಿಯುತ್ತೆ. ಮೇಲೆ ಭೇದಿ, ಈ ಬಿಸಿಲು. ಜರಡಿಯಲ್ಲಿ ಸೋಸುವಷ್ಟು ಒತ್ತಡವೇ ಉಳಿಯಲ್ಲ, ಮೂತ್ರ ನಿಲ್ಲುತ್ತೆ. ಡೈಕ್ಲೋಫೆನಾಕ್ ಈಗಲೇ ನಿಲ್ಲಿಸಿ. ಆಸ್ಪತ್ರೆಯಲ್ಲಿ ನೋಡುವವರೆಗೆ ಟೆಲ್ಮಿಸಾರ್ಟನ್ ಎಚ್ ಕೊಡಬೇಡಿ. ಇವತ್ತೇ ಹೋಗಿ, ಕ್ರಿಯೇಟಿನಿನ್ (ಕಿಡ್ನಿ ಪರೀಕ್ಷೆ), ಸೋಡಿಯಂ, ಪೊಟ್ಯಾಸಿಯಂ, ಇಸಿಜಿ ಆಗಬೇಕು. ಎಲ್ಲ ಸ್ಟ್ರಿಪ್ ಕೈಯಲ್ಲಿ ಒಯ್ಯಿರಿ. ದಾರಿಯಲ್ಲಿ ಓಆರ್‌ಎಸ್ ಗುಟುಕು ಗುಟುಕಾಗಿ, ದೊಡ್ಡ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು. ಎಳನೀರು ಬೇಡ: ಪೊಟ್ಯಾಸಿಯಂ ಹೆಚ್ಚು, ಹೊರಹಾಕಲು ಕಿಡ್ನಿ ಈಗ ಸುಸ್ತಾಗಿದೆ.

ಮಸ್ಕಿ: ಓಆರ್‌ಎಸ್‌ನ್ಯಾಗೂ ಪೊಟ್ಯಾಸಿಯಂ ಅದಲ್ರಿ?

ಡಾಕ್ಟರ್: ಇದೆ, ಎಳನೀರಿನಷ್ಟಿಲ್ಲ. ಅದಕ್ಕೇ ಗುಟುಕು ಅಂದೆ.

ದೇವದುರ್ಗ: (ಫಾರ್ವರ್ಡ್) ಸರ್ಪಗಂಧ ಚೂರ್ಣ ಅರ್ಧ ಚಮಚ, 15 ದಿನದಲ್ಲಿ ಬಿಪಿ ಮಾತ್ರೆಗೆ ವಿದಾಯ!

ಡಾಕ್ಟರ್: ಸರ್ಪಗಂಧದಲ್ಲಿ ರಿಸರ್ಪಿನ್ ಇದೆ. 1952ರಲ್ಲಿ ಬೇರ್ಪಡಿಸಿದ ಇದೂ ಬಿಪಿ ಔಷಧಿಯೇ. ಚಮಚದಲ್ಲಿ ಎಷ್ಟು ಎಂಜಿ ಹೋಯಿತು ಅಂತ ಯಾರಿಗೂ ಗೊತ್ತಾಗಲ್ಲ. ನಾಡಿ ನಿಧಾನ ಮಾಡುವ ಬಿಪಿ ಮಾತ್ರೆ ಅಟೆನೊಲಾಲ್ ತಗೊಳ್ಳುವವರಿಗೆ ನಾಡಿ ತೀರಾ ನಿಧಾನವಾಗಬಹುದು, ಯಾರಿಗೇ ಆದರೂ ಮನಸ್ಸು ಕುಗ್ಗಬಹುದು. ಫಾರ್ವರ್ಡ್ ಅಳಿಸಿ.

ದೇವದುರ್ಗ: ಆಯುರ್ವೇದಕ್ಕ ಸೈಡ್ ಎಫೆಕ್ಟ್ ಇಲ್ರಿ. ಅಲೋಪತಿಯವರಿಗೆ ಇದು ಕೇಳಾಕ ಆಗಂಗಿಲ್ಲ.

ಮಸ್ಕಿ: ಬಿಪಿ ಇಳಸ್ತದ ಅಂತ ನೀವೇ ಹಾಕೀರಿ. ಇಳಿಸೋದು ಹೆಚ್ಚಾದ್ರ?

ದೇವದುರ್ಗ: ನೀವೇನು ಡಾಕ್ಟ್ರಾ?

ಮಸ್ಕಿ: ನೀವು?

ಸಿರವಾರ: ಜಗಳ ಬ್ಯಾರೆ ಕಡಿ ಮಾಡ್ರಿ. ಮೇಡಂ, ಎದಿನೋವಿಗೆ ನಾಲಿಗಿ ಕೆಳಗ ಇಡೋ ಮಾತ್ರಿ ಅದ, ಜೊತಿಗೆ ಸಿಲ್ಡೆನಾಫಿಲ್ (ವಯಾಗ್ರ) ನಡೀತದೇನ್ರಿ?

ಡಾಕ್ಟರ್: ಇಲ್ಲವೇ ಇಲ್ಲ, ಬಿಪಿ ಕುಸಿದು ಜೀವ ಹೋಗಬಹುದು. ಆಗಲೇ ನುಂಗಿದ್ದರೆ 24 ಗಂಟೆ, ಅದೇ ಬಗೆಯ ಟಡಾಲಾಫಿಲ್ ಆದರೆ 48 ಗಂಟೆ ಆ ಮಾತ್ರೆ ನಾಲಿಗೆ ಕೆಳಗೆ ಇಡಬಾರದು. ಎದೆನೋವು ಬಂದರೆ ಆಸ್ಪತ್ರೆಯಲ್ಲಿ ನಾಚಿಕೆ ಬಿಟ್ಟು ಇದನ್ನೇ ಮೊದಲು ಹೇಳಿ.

ಸಿಂಧನೂರು ಇನ್ನೊಬ್ಬರು: ಟೆಲ್ಮಿಸಾರ್ಟನ್ ಎಎಂ ಜೊತಿ ಅಮ್ಲೋಡಿಪಿನ್ ನಡೀತದ?

ಡಾಕ್ಟರ್: ಮೊದಲ ಉತ್ತರ ಓದಿ.

ಕವಿತಾಳ: ಟೆಲ್ಮಿಸಾರ್ಟನ್ ಜೊತಿ ಇನ್ನೊಂದು ಬಿಪಿ ಮಾತ್ರಿ ರಾಮಿಪ್ರಿಲ್ ನಡೀತದ?

ಡಾಕ್ಟರ್: ಸಾಮಾನ್ಯವಾಗಿ ಬೇಡ. ಪೊಟ್ಯಾಸಿಯಂ ಏರಬಹುದು, ಕಿಡ್ನಿ ಕೆಡಬಹುದು. ಬರೆದವರನ್ನೇ ಕೇಳಿ. ಮಾನ್ವಿಯವರೇ, ಹೊರಟ್ರಾ?

ದೇವದುರ್ಗ: ಬೆಳ್ಳುಳ್ಳಿನಾದ್ರೂ ತಿನ್ನಬಹುದಾ, ಅದೂ ವಿಷಾನಾ?

ಮಾನ್ವಿ: ರಿಮ್ಸ್ ಆಸ್ಪತ್ರಿ ಗೇಟ್ ಹತ್ರ ಅದೀವ್ರಿ. ಸ್ಟ್ರಿಪ್ ತಂದೀವಿ.

ಲಿಂಗಸುಗೂರು: ಮೇಡಂ, ಮುಂಜಾನೆನೋ ರಾತ್ರಿನೋ?