ಉಬುಂಟು ಹ್ಯಾಂಗ್: ಆರ್-ಇ-ಐ ಒತ್ತಿದರೂ ಏನೂ ಆಗುತ್ತಿಲ್ಲ

ಪ್ರಶ್ನೆ:
8 ಜಿಬಿ ರ್‍ಯಾಮ್ ಲ್ಯಾಪ್‌ಟಾಪ್, ಉಬುಂಟು ಲಿನಕ್ಸ್. ವರ್ಚುವಲ್ ಮಷೀನ್ ಜೊತೆ ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿದ್ದೆ (ಬೈಯಬೇಡಿ). ಮೌಸ್ ಕೂಡ ಅಲುಗಾಡಲಿಲ್ಲ. ಹ್ಯಾಂಗ್ ಆದದ್ದನ್ನು ಹಂತಹಂತವಾಗಿ ರೀಬೂಟ್ ಮಾಡಲೆಂದು ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಆರ್, ಇ, ಐ, ಎಸ್, ಯು, ಬಿ ಒತ್ತಿದೆ. ಮೊದಲ ಮೂರಕ್ಕೆ ಏನೂ ಆಗಲಿಲ್ಲ, ಕೊನೆಗೆ ರೀಬೂಟ್ ಆಯಿತು. ಲಿಬ್ರೆಆಫೀಸ್‌ನಲ್ಲಿ ಬರೆದಿದ್ದ ಎರಡು ಪುಟ ಹೋಯಿತು. ಎಸ್ ಒತ್ತಿದರೆ ಸೇವ್ ಆಗಬೇಕಲ್ಲವಾ?

ಉತ್ತರ 1:
ಇಲ್ಲ ಸರ್, ಈ ತಪ್ಪು ಕಲ್ಪನೆ ಬಹಳ ಜನರಿಗಿದೆ. ಡಿಸ್ಕಿಗೆ ಹೋಗಲು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಹತ್ತಿರ ಕಾಯುತ್ತಿರುವುದನ್ನಷ್ಟೇ ಎಸ್ ಬರೆಯುತ್ತದೆ. ನೀವು ಸೇವ್ ಮಾಡದ ಪುಟಗಳು ಇನ್ನೂ ಲಿಬ್ರೆಆಫೀಸ್‌ನ ಮೆಮೊರಿಯಲ್ಲೇ ಇದ್ದವು. ಯು ಒತ್ತಿದರೆ ಡಿಸ್ಕಿನ ಫೈಲ್‌ಸಿಸ್ಟಂ ಓದಲಷ್ಟೇ ಸಿಗುವಂತೆ ಮತ್ತೆ ಜೋಡಣೆ (ಮೌಂಟ್) ಆಗುತ್ತದೆ. ಬಿ ಮಾತ್ರ ಯಾರನ್ನೂ ಕೇಳದೆ ಆ ಕ್ಷಣವೇ ರೀಬೂಟ್ ಮಾಡುತ್ತದೆ, ಹಾಗಾಗಿ ಅದು ಯಾವಾಗಲೂ ಕೊನೆಗೆ. ಒಂದೊಂದು ಕೀಲಿಯ ನಡುವೆ ಕೆಲವು ಸೆಕೆಂಡ್ ಬಿಡಿ, ಎಸ್ ಆದ ಮೇಲೆ ಇನ್ನೂ ಸ್ವಲ್ಪ ಹೆಚ್ಚು.

ಆರ್, ಇ, ಐ ಕೆಲಸ ಮಾಡದ್ದು ಉಬುಂಟುವಿನ ಡಿಫಾಲ್ಟ್‌ನಿಂದ. ಈ ಕೀಲಿಗಳಲ್ಲಿ ಯಾವುವು ನಡೆಯಬೇಕೆಂದು ಹೇಳುವ ಕರ್ನಲ್‌ನ ಸಿಸ್‌ಆರ್‌ಕ್ಯೂ ಮೌಲ್ಯ ಅಲ್ಲಿ 176, ಅಂದರೆ 16+32+128: ಸಿಂಕ್ (ಎಸ್), ರೀಮೌಂಟ್ (ಯು), ರೀಬೂಟ್ (ಬಿ) ಅಷ್ಟೇ. ಪ್ರೋಗ್ರಾಂಗಳಿಗೆ ಮುಚ್ಚಿಕೊಳ್ಳುವ ಸಿಗ್ನಲ್ ಕಳಿಸಲು (ಇ, ಐ) 64 ಬೇಕು, ಕೀಬೋರ್ಡ್ ಹಿಡಿತಕ್ಕೆ (ಆರ್) 4.

ಉತ್ತರ 2:
ಮೌಲ್ಯ 1 ಇಟ್ಟುಬಿಡಿ, ಎಲ್ಲ ಕೀಲಿಯೂ ನಡೆಯುತ್ತದೆ.

ಉತ್ತರ 1:
ದಯವಿಟ್ಟು ಬೇಡ. 1 ಇಟ್ಟರೆ ಸಿ ಕೀಲಿಯೂ ತೆರೆದುಕೊಳ್ಳುತ್ತದೆ, ಅದು ಬೇಕೆಂದೇ ಕರ್ನಲ್ ಕ್ರ್ಯಾಶ್ ಮಾಡಿಸುವ ಕೀಲಿ! ನಿಮ್ಮದು ರ್‍ಯಾಮ್ ತುಂಬಿದ ಸಮಸ್ಯೆ, ರೀಬೂಟೇ ಬೇಕಿರಲಿಲ್ಲ. 176ಕ್ಕೆ 64 ಸೇರಿಸಿ 240 ಮಾಡಿ. ಮುಂದಿನ ಸಲ ಹ್ಯಾಂಗ್ ಆದರೆ ಆಲ್ಟ್, ಪ್ರಿಂಟ್‌ಸ್ಕ್ರೀನ್ ಜೊತೆ ಎಫ್ ಒಂದೇ ಸಲ ಒತ್ತಿ ಕಾಯಿರಿ. ಮೆಮೊರಿ ಹೆಚ್ಚು ನುಂಗಿದ ಒಂದು ಪ್ರೋಗ್ರಾಂ ಅನ್ನು ಕರ್ನಲ್ಲೇ ಆರಿಸಿ ಕೊಲ್ಲುತ್ತದೆ. ಯಾವುದನ್ನು ಅನ್ನುವ ಆಯ್ಕೆ ನಿಮ್ಮದಲ್ಲ, ವರ್ಚುವಲ್ ಮಷೀನೇ ಹೋಗಬಹುದು.

ಹಲವರು ಬಳಸುವ ಕಂಪ್ಯೂಟರಾದರೆ 64 ಕೊಡಬೇಡಿ. ಪರದೆ ಲಾಕ್ ಆಗಿದ್ದರೂ ಕೀಬೋರ್ಡ್ ಮುಟ್ಟಿದವರು ನಿಮ್ಮ ಪ್ರೋಗ್ರಾಂ ಕೊಲ್ಲಬಹುದು.

ಪ್ರಶ್ನೆ ಕೇಳಿದವರು:
ಮನೆಯಲ್ಲಿ ನಾನೊಬ್ಬನೇ ಬಳಸೋದು, 240 ಇಟ್ಟೆ. ಎಫ್ ಮೊದಲು ಹಿಡಿಯಲೇ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಿಂಟ್‌ಸ್ಕ್ರೀನ್‌ಗೆ ಎಫ್‌ಎನ್ ಕೂಡ ಒತ್ತಬೇಕು. ಆಲ್ಟ್ ಬಿಡದೆ ಎಫ್‌ಎನ್ ಬಿಟ್ಟು ನಂತರ ಎಫ್ ಒತ್ತಿದಾಗ ಒಂದು ಟ್ಯಾಬ್ ಸತ್ತಿತು, ಮೌಸ್ ಓಡಾಡಿತು, ಲಿಬ್ರೆಆಫೀಸ್ ಹಾಗೇ ಇತ್ತು. ಮೊದಲು ಕಂಟ್ರೋಲ್-ಎಸ್ ಒತ್ತಿ ಆಮೇಲೆ ಇಲ್ಲಿಗೆ ಬಂದೆ.