ಹುಬ್ಬು ಹೊರತುದಿಯಲ್ಲಿ ಮಾತ್ರ ಉದುರುತ್ತಿದೆ, ಯಾಕೆ?

ತಿಪಟೂರು ಕೊಬ್ಬರಿ:
ನನಗೆ 38. ನಾಲ್ಕೈದು ತಿಂಗಳಿಂದ ಎರಡೂ ಹುಬ್ಬು ಕಿವಿ ಕಡೆಯ ತುದಿಯಲ್ಲಿ ತೆಳ್ಳಗಾಗುತ್ತಾ ಬಂದು, ಈಗ ಪೆನ್ಸಿಲ್ ಎಳೆಯದೆ ಹೊರಗೆ ಹೋಗಲು ಮುಜುಗರ. ಅತ್ತೆ ಮಾತು ಕೇಳಿ ಎರಡು ತಿಂಗಳು ಹರಳೆಣ್ಣೆ ಹಚ್ಚಿದೆ, ದಿಂಬಿನ ಕವರ್ ಜಿಡ್ಡಾಯಿತು ಅಷ್ಟೇ. ಥ್ರೆಡ್ಡಿಂಗ್ ಬಿಟ್ಟು ವರ್ಷವಾಯಿತು. ತುರಿಕೆ, ಹೊಟ್ಟು ಏನೂ ಇಲ್ಲ. ಮೆಡಿಕಲ್ ಶಾಪ್‌ನವರು ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ಕೊಟ್ಟಿದ್ದಾರೆ.

ಕ್ಯಾತ್ಸಂದ್ರ ತಟ್ಟೆಇಡ್ಲಿ:
ನನಗೂ ಹೀಗೇ ಆಗಿತ್ತು, ಥೈರಾಯ್ಡ್ ಕಡಿಮೆ ಇತ್ತು. ಹಾರ್ಮೋನ್ ಸಾಲದಿದ್ದರೆ ಕೂದಲಿನ ಬುಡ ಬೆಳೆಯೋದು ಬಿಟ್ಟು ಸುಮ್ನೆ ಕೂತುಬಿಡುತ್ತದೆ. ಹೊರಗಿನ ಮೂರನೇ ಒಂದು ಭಾಗ ಹೋಗೋದು ಅದರ ಹಳೇ ಗುರುತು, ಆದರೆ ಎಲ್ಲರಿಗೂ ಹಾಗಾಗಲ್ಲ. ಸುಸ್ತು, ಚಳಿ, ಮಲಬದ್ಧತೆ ಇದೆಯಾ? ಟಿಎಸ್‌ಎಚ್ ಅಂತ ಥೈರಾಯ್ಡಿನ ರಕ್ತಪರೀಕ್ಷೆ ಇದೆ, ಮಾಡಿಸಿ. ಬಯೋಟಿನ್ ತಗೊಳ್ಳುತ್ತಿದ್ದರೆ ಲ್ಯಾಬ್‌ಗೆ ಹೋಗುವ ಎರಡು ದಿನ ಮೊದಲೇ ನಿಲ್ಲಿಸಿ, ಕೆಲವು ಯಂತ್ರಗಳಲ್ಲಿ ಅದು ರಿಪೋರ್ಟನ್ನೇ ತಪ್ಪಿಸುತ್ತದೆ.

ಶಿರಾ ಸಿಸ್ಟರ್:
ನಾನು ನರ್ಸ್. ಥೈರಾಯ್ಡ್ ಒಂದೇ ಅಂದುಕೊಳ್ಳಬೇಡಿ, ಚರ್ಮದ ಡಾಕ್ಟರಿಗೂ ಒಮ್ಮೆ ತೋರಿಸಿ. ನಾಣ್ಯದಷ್ಟು ಜಾಗ ನುಣ್ಣಗೆ ಖಾಲಿಯಾದರೆ ಅಲೋಪೇಶಿಯಾ ಏರಿಯೇಟಾ ಇರಬಹುದು, ನಮ್ಮ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿ ಬೀಳುವ ತೊಂದರೆ ಅದು. ಮುಟ್ಟು ನಿಂತ ಹೆಂಗಸರಲ್ಲಿ ಹುಬ್ಬಿನ ಜೊತೆ ಹಣೆಯ ಅಂಚಿನ ಕೂದಲೂ ಹಿಂದೆ ಸರಿಯುತ್ತಿದ್ದರೆ ತಡ ಮಾಡಲೇಬಾರದು, ಅಲ್ಲಿ ಬುಡವೇ ಸತ್ತು ಕಲೆಯಾಗುತ್ತದೆ, ಮತ್ತೆ ಬರಲ್ಲ. ಇನ್ನೊಂದು ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ: ಹುಬ್ಬು ಉದುರಿ ಮುಖದ ಚರ್ಮ ದಪ್ಪಗಾಗಿದ್ದರೆ, ಮೈಮೇಲೆ ಮುಟ್ಟಿದರೂ ಗೊತ್ತಾಗದ ಮಚ್ಚೆ ಇದ್ದರೆ ಕುಷ್ಠವನ್ನೂ ನೋಡಬೇಕು. ಹೆಸರು ಕೇಳಿದರೇ ಜನ ಬಚ್ಚಿಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಫ್ರೀ, ಪೂರ್ತಿ ವಾಸಿಯಾಗುತ್ತದೆ.

ಗುಬ್ಬಿ ಗೌಡ:
ನನಗೆ ಹುಬ್ಬೇ ಇಲ್ಲ, ಹೆಂಡತಿ ಇನ್ನೂ ಗಮನಿಸಿಲ್ಲ 😄 ತಮಾಷೆ ಬಿಡಿ. ಕೂದಲು ಬೆಳೆಯಲೆಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಔಷಧಿಯನ್ನು ನೀವೇ ತಂದು ಹುಬ್ಬಿಗೆ ಬಳಿಯಬೇಡಿ, ಕಣ್ಣಿಗೆ ಇಳಿದರೆ ಉರಿ ಗ್ಯಾರಂಟಿ.

ತಿಪಟೂರು ಕೊಬ್ಬರಿ:
ಸಿಸ್ಟರ್, ಮಚ್ಚೆ ಇಲ್ಲ, ಹಣೆ ಅಂಚೂ ಸರಿಯಿದೆ. ತುಮಕೂರಿಗೆ ಹೋಗಿ ತೋರಿಸಿ ಬಂದೆ. ಟಿಎಸ್‌ಎಚ್ 18, ಅಲ್ಲಿ ಸುಮಾರು 4ರವರೆಗೆ ಇದ್ದರೆ ನಾರ್ಮಲ್ ಅಂತೆ; ಇಷ್ಟು ಏರಿದೆ ಅಂದರೆ ಥೈರಾಯ್ಡ್ ಕಡಿಮೆ ಅಂತ ಅರ್ಥವಂತೆ. ಬೇಸಿಗೆಯಲ್ಲೂ ರಗ್ಗು ಹೊದೆಯುತ್ತಿದ್ದುದು ಇದಕ್ಕೇ ಇರಬೇಕು! ಹುಬ್ಬು ಬರಲು ಕೆಲವು ತಿಂಗಳು ಹಿಡಿಯುತ್ತದೆ ಅಂದರು. ಅದು ಪರವಾಗಿಲ್ಲ, ಥೈರಾಯ್ಡ್ ಮಾತ್ರೆ ನುಂಗಿ ಕಾಫಿಗೆ ಅರ್ಧ ಗಂಟೆ ಕಾಯಬೇಕಲ್ಲ, ಅದೇ ಕಷ್ಟ.