ಪೈಲಟ್ ದೇವಯ್ಯ ಅವರ ಬಗ್ಗೆ ಶಾಲೆ ಮಕ್ಕಳಿಗೆ ಹೇಗೆ ಹೇಳಲಿ?

ಟೀಚರ್, ಬೀದರ್:
ಎಲ್ಲರಿಗೂ ನಮಸ್ಕಾರ. ಎಂಟನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಇಲ್ಲಿ ಏರ್‌ಫೋರ್ಸ್ ತರಬೇತಿ ಕೇಂದ್ರ ಇರುವುದರಿಂದ ವಿಮಾನದ ಸದ್ದು ನಮಗೆ ಹೊಸದಲ್ಲ, ಹಾಕ್ ವಿಮಾನ ತಲೆ ಮೇಲೆ ಹೋದರೆ ಪಾಠ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತೇವೆ. ಸೂರ್ಯಕಿರಣ ತಂಡ ಹಾರಿದರಂತೂ ಮಕ್ಕಳು ಬೆಂಚಿನ ಮೇಲೆ ಕೂರುವುದೇ ಇಲ್ಲ. ಆದರೆ ಯುದ್ಧದಲ್ಲಿ ತೀರಿಕೊಂಡ ಒಬ್ಬ ಪೈಲಟ್ ಹೆಸರು ಹೇಳಿ ಅಂದರೆ ಒಬ್ಬರಿಗೂ ಗೊತ್ತಿಲ್ಲ. ಬೇಜಾರಾಯಿತು. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ತಯಾರಿ ನಡುವೆಯೂ 7ನೇ ತಾರೀಕು ಪ್ರಾರ್ಥನೆ ಹೊತ್ತಿಗೆ ಹತ್ತು ನಿಮಿಷ ಕೊಡ್ತೀನಿ ಅಂದಿದ್ದಾರೆ ಹೆಡ್‌ಮಾಸ್ಟರ್. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಬಗ್ಗೆ ಮಾತಾಡಬೇಕು ಅಂತಿದ್ದೇನೆ. ಸುಮ್ನೆ ಭಾಷಣ ಬೇಡ. ಎಲ್ಲಿಂದ ಶುರು ಮಾಡಲಿ?

ವಾಯುಪಡೆ ನಿವೃತ್ತ, ಕಲಬುರಗಿ:
ಅವತ್ತು ಅವರು ಸ್ಟ್ಯಾಂಡ್‌ಬೈ ಆಗಿದ್ದರು ಅನ್ನುವುದರಿಂದಲೇ ಶುರು ಮಾಡಿ ಟೀಚರ್. 1965ರ ಸೆಪ್ಟೆಂಬರ್ 7, ಬೆಳಗಿನ ಜಾವ. ನಮ್ಮ ಹನ್ನೆರಡು ಮಿಸ್ಟೇರ್ ಯುದ್ಧವಿಮಾನ ಪಂಜಾಬಿನ ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲೆ ದಾಳಿ ಮಾಡಬೇಕಿತ್ತು. ಯಾರ ವಿಮಾನವಾದರೂ ಕೈಕೊಟ್ಟರೆ ಮಾತ್ರ ದೇವಯ್ಯ ಆ ಜಾಗಕ್ಕೆ. ಒಬ್ಬರು ಹಿಂದುಳಿದರು, ಇವರು ಹೋದರು. ಅದಕ್ಕೂ ಮುಂಚೆ ಅವರು ಹಾರಾಟ ಕಲಿಸುವ ಮೇಷ್ಟ್ರು, ಬೀದರ್ ಮಕ್ಕಳಿಗೆ ಇದನ್ನು ಹೇಳಲೇಬೇಕು.
ಇಂಧನದ ಲೆಕ್ಕವನ್ನೂ ಹೇಳಿ. ಸರ್ಗೋಧಾ ಆ ವಿಮಾನಕ್ಕೆ ದೂರ, ದಾಳಿ ಮುಗಿಸಿ ನೆಟ್ಟಗೆ ವಾಪಸ್ ಬಂದರೆ ಸರಿ, ದಾರಿಯಲ್ಲಿ ಕಾದಾಡಲು ನಿಂತರೆ ನೆಲೆ ಮುಟ್ಟುವುದೇ ಕಷ್ಟ. ಎದುರು ಬಂದದ್ದು ಶಬ್ದದ ಎರಡು ಪಟ್ಟು ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ. ಏಟು ತಿಂದ ಮೇಲೂ ದೇವಯ್ಯ ತಿರುಗಿಬಿದ್ದರು. ನೆಲದ ಹತ್ತಿರ ಸುತ್ತಿ ಸುತ್ತಿ ಕಾದಾಡುವಾಗ ಆ ವೇಗ ಕೆಲಸಕ್ಕೆ ಬರಲ್ಲ. ಸ್ಟಾರ್‌ಫೈಟರ್ ರೆಕ್ಕೆ ತುಂಬಾ ಚಿಕ್ಕದು, ಬೇಗ ತಿರುಗಲು ಆಗುವುದಿಲ್ಲ. ಅದು ಬಿತ್ತು. ಅದರ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ವಾಪಸ್ ಬರಲಿಲ್ಲ.

ಯಾದಗಿರಿಯಿಂದ:
ನನಗೆ ಸಂಕಟ ಆಗೋದು ಆಮೇಲಿನ ಕಥೆ. ಅವರು ಹೇಗೆ ಹೋದರು ಅಂತ ಕಣ್ಣಾರೆ ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ, ಹಾಗಾಗಿ ದಾಖಲೆಯಲ್ಲಿ 'ಕಾಣೆಯಾದವರು' ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆ ಬಗ್ಗೆ ಪುಸ್ತಕ ಬರೆದರು. ಅದರಲ್ಲಿ ಆ ಕಾಳಗದ ವಿಷಯ ಬಂದ ಮೇಲೆ ಇಲ್ಲಿ ತಾಳೆ ಹಾಕಿ ನೋಡಿದರು. ಪರಮವೀರ ಚಕ್ರದ ನಂತರದ ದೊಡ್ಡ ಯುದ್ಧ ಶೌರ್ಯ ಪದಕವಾದ ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಆ ಮನೆಯವರು ಅಷ್ಟು ವರ್ಷ ಏನಂತ ತಿಳಿದುಕೊಂಡಿರಬೇಕು ಹೇಳಿ. ದಯವಿಟ್ಟು ಪಾಕಿಸ್ತಾನದವರನ್ನು ಬೈದು ಮುಗಿಸಬೇಡಿ, ಆ ಕಡೆಯ ಮಾತು ಹೊರಬರದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಹುಮನಾಬಾದ್ ಓದುಗ:
ಮಡಿಕೇರಿ ಬಸ್ ಸ್ಟ್ಯಾಂಡ್ ಹತ್ತಿರ ಅವರ ಪ್ರತಿಮೆ ಇದೆ, ಫೋಟೋ ಸಿಕ್ಕರೆ ತೋರಿಸಿ. ಪರಮವೀರ ಚಕ್ರ ಪಡೆದ ಪೈಲಟ್ ಯಾರು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ವಾಯುಪಡೆಯಲ್ಲಿ ಅದು ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಒಬ್ಬರಿಗೇ, 1971ರಲ್ಲಿ ಶ್ರೀನಗರ ಕಾಯುತ್ತಾ ತೀರಿಕೊಂಡವರು. ಆದರೆ ಹತ್ತು ನಿಮಿಷದಲ್ಲಿ ಇಬ್ಬರನ್ನೂ ತುರುಕಬೇಡಿ.

ಟೀಚರ್, ಬೀದರ್:
ತುಂಬಾ ಉಪಕಾರ ಆಯ್ತು. ಗೋಡೆಯ ಮ್ಯಾಪಿನಲ್ಲಿ ಆದಂಪುರ, ಸರ್ಗೋಧಾ ಗುರುತು ಮಾಡಿ ಇಂಧನದ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ. ಮಿಸ್ಟೇರ್ ವಿಮಾನದ ಒಳ್ಳೆ ಚಿತ್ರ ಯಾರ ಹತ್ತಿರವಾದರೂ ಇದ್ದರೆ ಕಳಿಸಿ.